ಅರಸರ ಲೆಕ್ಕ, ಉತಾರದ ಹೆಸರು

ತಾರಿಹಾಳದ ಕೈಗಾರಿಕಾ ಪ್ರದೇಶದ ಬದಿಯ ಚಹಾದಂಗಡಿಯಲ್ಲಿ ಹಿರಿಯರೊಬ್ಬರು ಪ್ಲಾಸ್ಟಿಕ್ ಚೀಲದಿಂದ ಹಳೆಯ ಉತಾರ, ಅಂದರೆ ಹೊಲದ ಪಹಣಿ, ತೆಗೆದು ತೋರಿಸಿದರು. ಮಡಿಕೆ ಬಿದ್ದಲ್ಲೆಲ್ಲ ಕಾಗದ ಹರಿದಿತ್ತು, ಹಿಂದೆ ಟೇಪು ಹಚ್ಚಿದ್ದರು. ಮಂದಿಯ ಹೊಲ ಲಾವಣಿಗೆ, ಅಂದರೆ ಗೇಣಿಗೆ, ಮಾಡುತ್ತಿದ್ದ ಅವರ ತಂದೆಯ ಹೆಸರು ಅದರಲ್ಲಿ ಮಾಲಕರ ಕಾಲಮಿನಲ್ಲಿತ್ತು. ದೇವರಾಜ ಅರಸರು ಗೇಣಿದಾರರಿಗೆ ಹೊಲ ಕೊಡಿಸಿದ್ದೆಲ್ಲ ವೋಟಿಗಾಗಿ ಎಂದು ಪಕ್ಕದ ಹುಡುಗ ಹೇಳಿದ. ಹಿರಿಯರು, "ಏನರ ಲೆಕ್ಕಾ ಹಾಕಿರಲಿ ತಮ್ಮಾ, ಹೆಸರಂತೂ ನಮ್ಮಪ್ಪಂದು ಬಂತಲ್ಲ" ಎಂದರು.

ಹುಡುಗ ಹೇಳಿದ್ದರಲ್ಲಿ ಸತ್ಯವಿದೆ. 1969ರಲ್ಲಿ ಕಾಂಗ್ರೆಸ್ ಒಡೆದಾಗ ರಾಜ್ಯದ ಬಲಾಢ್ಯ ನಾಯಕರು ನಿಜಲಿಂಗಪ್ಪನವರ ಕಡೆ ನಿಂತರು. ಎದುರು ಬಣದಿಂದ 1972ರಲ್ಲಿ ಮುಖ್ಯಮಂತ್ರಿಯಾದ ಅರಸರದು ತೀರಾ ಸಣ್ಣ ಸಮುದಾಯ. ಹಿಂದುಳಿದವರು, ಗೇಣಿದಾರರು ಬೆನ್ನಿಗೆ ಬರದಿದ್ದರೆ ಅವರಿಗೆ ಉಳಿಗಾಲವಿರಲಿಲ್ಲ. ಅದೇ ವರ್ಷ ಹಿಂದುಳಿದ ವರ್ಗಗಳಿಗಾಗಿ ಹಾವನೂರು ಆಯೋಗ ಬಂತು. 1974ರ ಮಾರ್ಚ್ 1ರಿಂದ ಭೂಸುಧಾರಣಾ ತಿದ್ದುಪಡಿ ಜಾರಿಯಾಯಿತು. ಗೇಣಿದಾರ ಫಾರಂ 7 ತುಂಬಿಕೊಟ್ಟರೆ ಭೂ ನ್ಯಾಯಮಂಡಳಿ ವಿಚಾರಣೆ ಮಾಡುತ್ತಿತ್ತು. ಅದರಲ್ಲಿ ಅಸಿಸ್ಟಂಟ್ ಕಮಿಷನರ್ ಜೊತೆ ನಾಲ್ವರು ಸರ್ಕಾರ ನೇಮಿಸಿದವರು. ಅವರಲ್ಲೊಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿರಲೇಬೇಕು. ಊರಿನ ಯಜಮಾನಿಕೆ ಗೌಡ, ಕುಲಕರ್ಣಿಯರಿಂದ ಸರಿದು ಈ ನ್ಯಾಯಮಂಡಳಿಯ ಮೇಜಿಗೆ ಬಂತು, ಜೊತೆಗೆ ಆಳುವ ಪಕ್ಷದ ಕೈಯೂ ಊರೊಳಗೆ ಬಂತು. ಅರಸರ ಲೆಕ್ಕ ಇದ್ದದ್ದು ಇಲ್ಲಿಯೇ.

ಸೋವಿಯತ್ ಒಕ್ಕೂಟದ ಗೋರ್ಬಚೆವ್ ಅವರದೂ ಇಂಥದೇ ಸಂಕಟ. 1985ರಲ್ಲಿ ಕಮ್ಯುನಿಸ್ಟ್ ಪಕ್ಷದ ಚುಕ್ಕಾಣಿ ಹಿಡಿದವರಿಗೆ ಆ ಪಕ್ಷದ ಅಧಿಕಾರಿವರ್ಗವೇ ಅಡ್ಡಿಯಾಯಿತು. 1964ರಲ್ಲಿ ಆಗಿನ ನಾಯಕ ಕ್ರುಶ್ಚೇವ್ ಅವರನ್ನು ಕೇಂದ್ರ ಸಮಿತಿ ಹೇಗೆ ಕೆಳಗಿಳಿಸಿತೆಂಬುದನ್ನು ಅವರು ಬಲ್ಲವರು. ಗ್ಲಾಸ್ನೋಸ್ತ್ ಎಂಬ ಮುಕ್ತತೆಯ ನೀತಿ, 1989ರ ಜನಪ್ರತಿನಿಧಿಗಳ ಚುನಾವಣೆ, 1990ರಲ್ಲಿ ಸೃಷ್ಟಿಯಾದ ಅಧ್ಯಕ್ಷ ಹುದ್ದೆ, ಇವೆಲ್ಲದರಲ್ಲೂ ದೇಶದ ಚಿಂತೆಯ ಜೊತೆ ಪಕ್ಷದ ಹಿಡಿತದಿಂದ ಪಾರಾಗುವ ಯೋಚನೆ ಬೆರೆತಿತ್ತು. ಇದನ್ನು ಕಪಟವೆಂದು ತಳ್ಳಿಹಾಕುವವರ ಮಾತು ನನಗೆ ಒಪ್ಪಿಗೆಯಿಲ್ಲ. ಕುರ್ಚಿಯ ಭಯವಿಲ್ಲದ ಆಳುವವರು ಬಲಾಢ್ಯರನ್ನು ಎದುರು ಹಾಕಿಕೊಳ್ಳುವುದೇ ಅಪರೂಪ.

ನಾನು ಕೇಳುವುದು ಬೇರೆ: ಸುಧಾರಕ ಹೋದ ಮೇಲೆ ಜನರ ಕೈಯಲ್ಲಿ ಏನು ಉಳಿಯಿತು? 1987ರ ಸೋವಿಯತ್ ಕಾನೂನು ಕಾರ್ಖಾನೆಯ ನಿರ್ದೇಶಕನನ್ನು ಕಾರ್ಮಿಕರೇ ಆರಿಸಬಹುದೆಂದಿತು. 1990ರ ಕಾನೂನು ಆ ಹಕ್ಕು ಕಿತ್ತುಕೊಂಡಿತು. 1991ರ ಡಿಸೆಂಬರ್ 25ರಂದು ಗೋರ್ಬಚೆವ್ ರಾಜೀನಾಮೆ ಕೊಟ್ಟಾಗ, ಅವರ ಸುಧಾರಣೆಯನ್ನು ತನ್ನದೆಂದು ಹಿಡಿದುಕೊಳ್ಳಲು ಕಾರ್ಮಿಕನ ಬಳಿ ಒಂದು ತುಂಡು ಕಾಗದವೂ ಇರಲಿಲ್ಲ. ಅರಸರು 1980ರಲ್ಲಿ ಅಧಿಕಾರ ಬಿಟ್ಟರು, ಎರಡು ವರ್ಷಕ್ಕೆ ತೀರಿಕೊಂಡರು. ಉತಾರದ ಹೆಸರುಗಳು ಉಳಿದವು.

ಆದರೂ ನನಗೊಂದು ನೋವಿದೆ. ಲೆಕ್ಕ ಹಾಕಿ ಮಾಡಿದ ಸುಧಾರಣೆ ಲೆಕ್ಕ ಮುಗಿದಲ್ಲಿ ನಿಂತುಬಿಡುತ್ತದೆ. ಅದೇ ಹೊಲದಲ್ಲಿ ಹತ್ತಿ ಬಿಡಿಸಿದ ಕೂಲಿಯವರಿಗೆ ಫಾರಂ 7ರಿಂದ ಒಂದು ಗುಂಟೆಯೂ ಬರಲಿಲ್ಲ. 2020ರ ಭೂಸುಧಾರಣಾ ತಿದ್ದುಪಡಿಯಿಂದ ರೈತರಲ್ಲದವರೂ ಹೊಲ ಕೊಳ್ಳಬಹುದಾಗಿದೆ. ಕೂಲಿಯವರು ಇನ್ನೂ ಕೂಲಿಯವರೇ.

ಹಿರಿಯರು ಉತಾರವನ್ನು ಹಳೆಯ ಮಡಿಕೆಯಲ್ಲೇ ಮಡಚಿದರು. ತಂದೆಯ ಹೆಸರಿನ ಜಾಗಕ್ಕೆ ಅಣ್ಣತಮ್ಮಂದಿರ ವಾರಸಾ ಹಚ್ಚಿಸಬೇಕಿತ್ತು. ತಂಗಿಯ ಹೆಸರೂ ಸೇರಿಸಬೇಕೇನ್ರಿ ಎಂದು ನನ್ನನ್ನು ಕೇಳಿದರು. ಸೇರಿಸಲೇಬೇಕು ಎಂದೆ.