ಹಾಡು ಅದೇ, ಹೆಬ್ಬಾಗಿಲು ಬೇರೆ

1969ರ ಜುಲೈ 5ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ರೋಲಿಂಗ್ ಸ್ಟೋನ್ಸ್ ತಂಡ ಹಾಡಿದಾಗ ಪ್ರವೇಶಕ್ಕೆ ಶುಲ್ಕವಿರಲಿಲ್ಲ. ತಂಡದ ಸ್ಥಾಪಕರಲ್ಲೊಬ್ಬರಾದ ಬ್ರಯಾನ್ ಜೋನ್ಸ್ ತೀರಿಕೊಂಡು ಎರಡೇ ದಿನವಾಗಿತ್ತು. ಗಾಯಕ ಮಿಕ್ ಜ್ಯಾಗರ್ ಶೆಲ್ಲಿಯ ಶೋಕಕಾವ್ಯದ ಕೆಲವು ಸಾಲುಗಳನ್ನು ಓದಿದರು; ಲಕ್ಷಾಂತರ ಜನ ಹುಲ್ಲಿನ ಮೇಲೆ ಕುಳಿತು ಕೇಳಿದರು. 2013ರ ಜುಲೈನಲ್ಲಿ ಅದೇ ತಂಡ ಅದೇ ಉದ್ಯಾನಕ್ಕೆ ಮರಳಿತು. ಈ ಬಾರಿ ಸುತ್ತಲೂ ಬೇಲಿಯಿತ್ತು, ಬಾಗಿಲಲ್ಲಿ ಟಿಕೆಟ್ ತಪಾಸಣೆಯಿತ್ತು, ವೇದಿಕೆಗೆ ಸಮೀಪದ ಜಾಗಕ್ಕೆ ಹೆಚ್ಚಿನ ದರವಿತ್ತು. ಹಾಡಿದ ಹಾಡುಗಳಲ್ಲಿ ಹೆಚ್ಚಿನವು ಹಳೆಯವೇ. ನಲವತ್ತನಾಲ್ಕು ವರ್ಷಗಳಲ್ಲಿ ನಿಜವಾಗಿ ಬದಲಾದದ್ದು ಆ ಬಾಗಿಲು.

ಹಳೆಯ ರಾಕ್ ತಂಡಗಳ ಬಗ್ಗೆ ಪ್ರಗತಿಪರ ವಲಯದಲ್ಲಿ ಒಂದು ಸಿದ್ಧ ತೀರ್ಪಿದೆ: ಯೌವನದಲ್ಲಿ ಬಂಡಾಯಗಾರರಾಗಿದ್ದವರು ಮುಪ್ಪಿನಲ್ಲಿ ವ್ಯಾಪಾರಿಗಳಾದರು, ಈಗ ನೆನಪುಗಳನ್ನೇ ಸರಕಾಗಿಸಿ ಮಾರುತ್ತಿದ್ದಾರೆ. ಈ ತೀರ್ಪು ಪೂರ್ತಿ ಸುಳ್ಳಲ್ಲ, ಆದರೆ ಅವಸರದ್ದು. ಅದು ನಿನ್ನೆಯನ್ನು ನಿಷ್ಕಳಂಕವೆಂದು ಬಗೆಯುತ್ತದೆ. ಇಂದಿನದನ್ನೆಲ್ಲ ಕಲಾವಿದರ ವಯಸ್ಸಿನ ತಲೆಗೆ ಕಟ್ಟುತ್ತದೆ.

ನಿನ್ನೆ ನಿಷ್ಕಳಂಕವಾಗಿರಲಿಲ್ಲ. ಹೈಡ್ ಪಾರ್ಕ್ ಕಾರ್ಯಕ್ರಮವಾದ ಐದೇ ತಿಂಗಳಿಗೆ, 1969ರ ಡಿಸೆಂಬರ್ 6ರಂದು, ಕ್ಯಾಲಿಫೋರ್ನಿಯಾದ ಆಲ್ಟಮಾಂಟ್‌ನಲ್ಲಿ ಇದೇ ತಂಡ ಮತ್ತೊಂದು ಉಚಿತ ಕಾರ್ಯಕ್ರಮ ನೀಡಿತು. ಅಲ್ಲಿ ಬೇಲಿಯೂ ಇರಲಿಲ್ಲ, ಯೋಜನೆಯೂ ಇರಲಿಲ್ಲ. ವೇದಿಕೆಯ ಕಾವಲಿಗೆ ನಿಂತದ್ದು ಹೆಲ್ಸ್ ಏಂಜಲ್ಸ್ ಎಂಬ ಮೋಟಾರ್‌ಸೈಕಲ್ ಪಡೆ. ಮೆರೆಡಿತ್ ಹಂಟರ್ ಎಂಬ ಹದಿನೆಂಟರ ಕಪ್ಪು ಯುವಕ ವೇದಿಕೆಯೆದುರಿನ ಗದ್ದಲದಲ್ಲಿ ಪಿಸ್ತೂಲು ಹೊರತೆಗೆದ. ಆ ಪಡೆಯವನೊಬ್ಬ ಅವನನ್ನು ಇರಿದ. ಯುವಕ ಪ್ರಾಣ ಕಳೆದುಕೊಂಡ. ಇರಿದವನನ್ನು ನ್ಯಾಯಾಲಯ ಆತ್ಮರಕ್ಷಣೆಯ ಆಧಾರದ ಮೇಲೆ ಬಿಡುಗಡೆ ಮಾಡಿತು. ಶುಲ್ಕವಿಲ್ಲದ ಬಯಲೆಲ್ಲ ಸಮಾನತೆಯ ಬಯಲಾಗಿರಲಿಲ್ಲ ಎಂಬುದನ್ನು ಅರವತ್ತರ ದಶಕವನ್ನು ಹಂಬಲಿಸುವವರು ಮರೆಯಬಾರದು.

ಆನಂತರದ ದಶಕಗಳು ಈ ಅವ್ಯವಸ್ಥೆಗೆ ಕಂಡುಕೊಂಡ ಉತ್ತರ ಬಂಡವಾಳದ ಶಿಸ್ತು. 1981ರ ಅಮೆರಿಕ ಪ್ರವಾಸಕ್ಕೆ ಜೋವನ್ ಎಂಬ ಸುಗಂಧದ್ರವ್ಯ ಕಂಪನಿ ಪ್ರಾಯೋಜಕನಾಯಿತು. 1989ರಲ್ಲಿ ಕೆನಡಾದ ಮೈಕೆಲ್ ಕೋಲ್ ಎಂಬ ಸಂಘಟಕರು ಇಡೀ ಪ್ರವಾಸವನ್ನೇ ಒಟ್ಟಿಗೆ ಕೊಂಡರು: ಟಿಕೆಟ್, ಪ್ರಾಯೋಜಕತ್ವ, ಅಂಗಿ-ಟೋಪಿಗಳ ಮಾರಾಟ ಎಲ್ಲವೂ ಒಂದೇ ಒಪ್ಪಂದದಡಿ ಬಂದವು. ಊರೂರಿನ ಸಂಘಟಕರೊಡನೆ ಬೇರೆ ಬೇರೆಯಾಗಿ ವ್ಯವಹರಿಸುವ ಕಾಲ ಅಲ್ಲಿಗೆ ಹಿಂದೆ ಸರಿಯಿತು. ಪ್ರದರ್ಶನದ ಒಡಲೂ ಅದಕ್ಕೆ ತಕ್ಕಂತೆ ಬದಲಾಯಿತು. ಬೃಹತ್ ರಂಗಸಜ್ಜಿಕೆ, ಪೂರ್ವಯೋಜಿತ ಬೆಳಕು, ದೈತ್ಯ ಪರದೆಗಳು ಬಂದವು. ಜನ ನಿರೀಕ್ಷಿಸಿ ಬರುವ ಹತ್ತಾರು ಹಾಡುಗಳು ಪಟ್ಟಿಯಲ್ಲಿ ಕದಲದೆ ನಿಂತವು. 1997ರ ಪ್ರವಾಸದಲ್ಲಿ ಕ್ರೀಡಾಂಗಣದ ನಡುವೆ ಪುಟ್ಟದೊಂದು ವೇದಿಕೆ ಹಾಕಿ, ಸೇತುವೆಯ ಮೇಲೆ ನಡೆದುಬಂದು ಕ್ಲಬ್ಬಿನಲ್ಲಿ ನುಡಿಸುವಂತೆ ನುಡಿಸಿದರು. ಕ್ರೀಡಾಂಗಣವೇ ಸೃಷ್ಟಿಸಿದ ದೂರವನ್ನು ಕ್ರೀಡಾಂಗಣದೊಳಗೇ ನೀಗಿಸುವ ಯತ್ನ ಅದು.

ಈ ಶಿಸ್ತಿನಿಂದ ಲಾಭವೂ ಆಗಿದೆ. ಕುಟುಂಬ ಸಮೇತರಾಗಿ ಬಂದವರು, ವೃದ್ಧರು, ಅಂಗವಿಕಲರು ಹೆಚ್ಚು ನಿರಾತಂಕವಾಗಿ ಕುಳಿತು ಕೇಳುವಂತಾಯಿತು. 2024ರ ಉತ್ತರ ಅಮೆರಿಕ ಪ್ರವಾಸದ ಪ್ರಾಯೋಜಕ ಐವತ್ತು ದಾಟಿದವರ ಸಂಘಟನೆಯಾದ ಎಎಆರ್‌ಪಿ. ಇದನ್ನು ಕಂಡು ನಕ್ಕವರು ಹಲವರು. ನಗಬೇಕಾಗಿಲ್ಲ. ತಂಡಕ್ಕೆ ಹೆಸರು ಬಂದದ್ದೇ ಮಡ್ಡಿ ವಾಟರ್ಸ್ ಅವರ ಹಾಡೊಂದರಿಂದ. ಬ್ಲೂಸ್ ಪರಂಪರೆಯಲ್ಲಿ ಮುಪ್ಪು ಲಜ್ಜೆಯ ಸಂಗತಿಯಾಗಿರಲಿಲ್ಲ. 1981ರ ಅದೇ ಪ್ರವಾಸದ ನಡುವೆ ಷಿಕಾಗೋದ ಚೆಕರ್‌ಬೋರ್ಡ್ ಲೌಂಜ್ ಎಂಬ ಸಣ್ಣ ಕ್ಲಬ್ಬಿನಲ್ಲಿ ಜ್ಯಾಗರ್, ಕೀತ್ ರಿಚರ್ಡ್ಸ್, ರಾನ್ ವುಡ್ ಆ ಹಿರಿಯನ ಜೊತೆಗೂಡಿ ಹಾಡಿದರು. ಎಂಬತ್ತರ ಗಾಯಕ ಹಾಡುವುದು ತಪ್ಪಲ್ಲ. ಕೇಳಬೇಕಾದ ಪ್ರಶ್ನೆಗಳು ಬೇರೆ: ಆ ಹಾಡನ್ನು ಕೇಳಲು ಯಾರಿಗೆ ಸಾಧ್ಯ? ವೇದಿಕೆಯ ಮೇಲೆ ದುಡಿದವರಲ್ಲಿ ಯಾರ ಹೆಸರು ಉಳಿಯುತ್ತದೆ?

ಎರಡನೆಯ ಪ್ರಶ್ನೆ ಹೆಚ್ಚು ಚುಚ್ಚುವಂಥದು. ಬಿಲ್ ವೈಮನ್ ತಂಡ ತೊರೆದ ಬಳಿಕ, ತೊಂಬತ್ತರ ದಶಕದಿಂದ ಇಂದಿನವರೆಗೆ ಬಾಸ್ ಗಿಟಾರ್ ನುಡಿಸುತ್ತ ಬಂದವರು ಷಿಕಾಗೋದ ಕಪ್ಪು ಕಲಾವಿದ ಡ್ಯಾರಿಲ್ ಜೋನ್ಸ್. ಮೂರು ದಶಕಗಳಾದರೂ ಅವರು ತಂಡದ ಅಧಿಕೃತ ಸದಸ್ಯರಲ್ಲ. 2021ರ ಆಗಸ್ಟಿನಲ್ಲಿ ಚಾರ್ಲಿ ವಾಟ್ಸ್ ತೀರಿಕೊಂಡ ಮೇಲೆ ಪ್ರವಾಸಗಳಲ್ಲಿ ಡ್ರಮ್ಸ್ ನುಡಿಸುತ್ತಿರುವ ಸ್ಟೀವ್ ಜೋರ್ಡನ್ ಅವರದೂ ಅದೇ ಸ್ಥಿತಿ. ಕಪ್ಪು ಜನರ ಸಂಗೀತದಿಂದ ಹುಟ್ಟಿದ ತಂಡದ ತಾಳವನ್ನು ಇಂದು ಹೊತ್ತಿರುವವರು ಇಬ್ಬರು ಕಪ್ಪು ಕಲಾವಿದರು; ತಂಡದ ಹೆಸರು ಮಾತ್ರ ಮೂವರು ಬಿಳಿಯರದು.

'ಬ್ರೌನ್ ಶುಗರ್' ಹಾಡಿನ ಕಥೆಯನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಗುಲಾಮಗಿರಿಯನ್ನೂ ಕಪ್ಪು ಹೆಣ್ಣಿನ ಮೇಲಿನ ಲೈಂಗಿಕ ದೌರ್ಜನ್ಯವನ್ನೂ ಕುಣಿತದ ಲಯಕ್ಕೆ ಕೂರಿಸಿದ ಈ ಹಾಡನ್ನು ತಂಡ ಮೊದಲ ಬಾರಿ ಜನರೆದುರು ಹಾಡಿದ್ದು ಅದೇ ಆಲ್ಟಮಾಂಟ್‌ನಲ್ಲಿ. ಅರ್ಧ ಶತಮಾನ ಕಾಲ ಕ್ರೀಡಾಂಗಣಗಳು ಅದಕ್ಕೆ ಕುಣಿದವು. 2021ರ ಪ್ರವಾಸದಲ್ಲಿ ಅದು ಪಟ್ಟಿಯಿಂದ ಮರೆಯಾಯಿತು. ಹಾಡು ಗುಲಾಮಗಿರಿಯ ಘೋರವನ್ನು ಕುರಿತದ್ದೆಂಬುದು ಜನರಿಗೆ ತಿಳಿಯಲಿಲ್ಲವೇ ಎಂದು ರಿಚರ್ಡ್ಸ್ ಅಚ್ಚರಿಪಟ್ಟರು; ಸದ್ಯಕ್ಕೆ ತೆಗೆದು ನೋಡೋಣ ಎಂಬ ಧಾಟಿಯಲ್ಲಿ ಜ್ಯಾಗರ್ ಮಾತು ಮುಗಿಸಿದರು. ಕೈಬಿಟ್ಟದ್ದು ಸರಿಯೇ. ಆದರೆ ಆತ್ಮವಿಮರ್ಶೆಯಿಲ್ಲದೆ ಕೈಬಿಟ್ಟದ್ದು ಮಾರುಕಟ್ಟೆಯ ಜಾಣತನ ಮಾತ್ರ. ಹಾಡಿನ ಚರಿತ್ರೆಯನ್ನು ಎದುರಿಸಲು ಐದು ನಿಮಿಷದ ಮಾತು ಸಾಕಿತ್ತು. ಪ್ರತಿ ಕ್ಷಣವೂ ಮೊದಲೇ ನಿಗದಿಯಾದ ಪ್ರದರ್ಶನದಲ್ಲಿ ಆ ಐದು ನಿಮಿಷಕ್ಕೆ ಜಾಗ ಸಿಗಲಿಲ್ಲ.

ಇನ್ನು ಮೊದಲ ಪ್ರಶ್ನೆ, ಬಾಗಿಲಿನದು. ತಂಡ ತನ್ನ ನಲವತ್ತರ ಸಂಭ್ರಮದ ಪ್ರವಾಸದಲ್ಲಿ, 2003ರ ಏಪ್ರಿಲ್ 4ರಂದು, ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂತು. ಭಾರತದಲ್ಲಿ ಅದರ ಮೊದಲ ಕಾರ್ಯಕ್ರಮವದು. ಮಳೆಯಲ್ಲಿ ನೆನೆದು ಕುಣಿದವರ ಸಂತೋಷ ಸುಳ್ಳಲ್ಲ. ಆದರೆ ದಶಕಗಳ ಕಾಲ ರೆಕಾರ್ಡು, ಕ್ಯಾಸೆಟ್ಟುಗಳಲ್ಲಿ ಕೇಳಿದ ತಂಡ ಕಣ್ಣೆದುರು ನಿಲ್ಲಲು ಉದಾರೀಕರಣದ ಬೆಂಗಳೂರೇ ಬೇಕಾಯಿತು. 2016ರ ಮಾರ್ಚ್ 25ರಂದು ಹವಾನಾದಲ್ಲಿ ಅದೇ ಹಾಡುಗಳು ಬೇರೆ ಅರ್ಥ ಪಡೆದವು. ಒಂದು ಕಾಲದಲ್ಲಿ ರಾಕ್ ಸಂಗೀತವನ್ನು ಅನುಮಾನದಿಂದ ಕಂಡ ಕ್ಯೂಬಾದಲ್ಲಿ, ಟಿಕೆಟ್ಟಿಲ್ಲದ ಬಯಲಿನಲ್ಲಿ, ಲಕ್ಷಾಂತರ ಜನ ಸೇರಿದರು. ಗಾಯಕರಿಗೆ ಎಪ್ಪತ್ತು ದಾಟಿತ್ತು. ಹಾಡುಗಳಿಗೆ ಐವತ್ತರ ಆಸುಪಾಸು. ಆದರೂ ಆ ಸಂಜೆ ಹಳತೆನಿಸಲಿಲ್ಲ. ಬಾಗಿಲು ತೆರೆದಾಗ ಹಳೆಯ ಹಾಡೂ ಹೊಸದಾಗುತ್ತದೆ.

ಈ ಮಾತು ಬಿಳಿಯರ ರಾಕ್ ತಂಡಗಳಿಗಷ್ಟೇ ಸಲ್ಲುವುದಿಲ್ಲ. ಹೊರನಾಡ ಕನ್ನಡಿಗರ ಸಮಾರಂಭಗಳಲ್ಲೂ ತವರಿನಿಂದ ಬಂದ ಹಿರಿಯ ಗಾಯಕರನ್ನು ಅವೇ ನಾಲ್ಕು ಭಾವಗೀತೆಗಳಿಗಾಗಿ ಪೀಡಿಸುವುದುಂಟು. ಮುಂದಿನ ಸಾಲುಗಳು ದಾನಿಗಳಿಗೆ ಮೀಸಲಾಗುವುದುಂಟು. ತಬಲಾದವರ ಹೆಸರು ಕರಪತ್ರದಿಂದ ಬಿಟ್ಟುಹೋಗುವುದೂ ಉಂಟು. ಹಳೆಯ ಹಾಡಿಗೆ ಕಣ್ಣು ತೇವವಾದರೆ ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಆದರೆ ಆ ತೇವದ ಕಣ್ಣು ಒಮ್ಮೆ ಹಿಂದಿನ ಸಾಲಿನತ್ತ, ಮತ್ತೊಮ್ಮೆ ಬಾಗಿಲಿನತ್ತ ಹೊರಳಿ, ಹೊರಗೆ ಉಳಿದವರು ಯಾರೆಂದು ನೋಡಬೇಕು.