ಗಾಡಿಗೂ ಬೇಕು ಸಿಂಹಾವಲೋಕನ

ಮೂರು ತಿಂಗಳಿಗೊಮ್ಮೆ ಈ ಪುಟದಲ್ಲಿ ಮನೆ, ಮಕ್ಕಳು, ಪ್ರವಾಸ ಎಂದು ಏನಾದರೊಂದು ಹೇಳುತ್ತ ಬಂದಿದ್ದೇವೆ. ಬಹುಮಟ್ಟಿಗೆ ಅದು ಪರರಿಗೆ ಬುದ್ಧಿ ಹೇಳುವ ಕೆಲಸ. ಈ ಸಲ ನಮಗೇ ಬುದ್ಧಿ ಬಂದ ಸಂಗತಿಯನ್ನು ಓದುಗರ ಮುಂದಿಡುತ್ತೇವೆ. ಅದು ತುಸು ತಡವಾಗಿ ಬಂತು. ತೀರ ತಡವಾಗಿ ಬರಲಿಲ್ಲ ಎಂಬುದು ಹಿರಿಯರ ಪುಣ್ಯ.

ಕಾರಿನ ಹಿಂದೆ ಕಟ್ಟಿ ಎಳೆಯುವ ಪ್ರವಾಸದ ಟ್ರೇಲರೊಂದು ನಮ್ಮಲ್ಲಿದೆ. ಮಂಡ್ಯದ ಕಡೆಯವರಿಗೆ ಟ್ರೇಲರ್ ಎಂದರೆ ಕಬ್ಬು ಹೇರಿದ ಟ್ರ್ಯಾಕ್ಟರಿನ ಬಾಲವೇ ಕಣ್ಣಿಗೆ ಬರುತ್ತದೆ. ನಮ್ಮದು ಅದಲ್ಲ, ಚಕ್ರದ ಮೇಲೆ ಕೂತ ಒಂದು ಸಣ್ಣ ಮನೆ. ಒಳಗೆ ಮಲಗಲು ಹಲಗೆಗಳು, ಒಂದು ಒಲೆ, ನೀರಿನ ತೊಟ್ಟಿ, ನಮ್ಮ ತಾಯಿಯವರ ದೇವರ ಪೆಟ್ಟಿಗೆ. ಅಮೆರಿಕದಲ್ಲಿರುವ ನಮ್ಮ ಓದುಗರಿಗೆ ಇಂಥದು ಹೊಸದಲ್ಲ. ಅಲ್ಲಿ ಜನ ಸಂತೋಷಕ್ಕಾಗಿ ಇದನ್ನು ಕೊಳ್ಳುತ್ತಾರೆ. ನಾವು ಕೊಂಡದ್ದು ಅನ್ನ-ಸಾರಿಗಾಗಿ. ಎಪ್ಪತ್ತು ದಾಟಿದ ನಮ್ಮ ತಾಯಿಯವರು ಹೊರಗಿನ ಅಡುಗೆಯನ್ನು ಮುಟ್ಟುವವರಲ್ಲ. ಕಾಶಿಗೆ ಹೋಗಬೇಕು, ಹೋಟೆಲಿನ ಊಟ ಬೇಡ ಎಂದರೆ ಅಡುಗೆಮನೆಯನ್ನೇ ಎಳೆದುಕೊಂಡು ಹೋಗದೆ ಬೇರೆ ದಾರಿ ಇರಲಿಲ್ಲ.

ಕಾಶಿಯಲ್ಲಿ ವಿಶ್ವನಾಥನ ದರ್ಶನವಾಯಿತು, ಗಂಗಾಸ್ನಾನವಾಯಿತು. ಅಲ್ಲಿಂದ ಹತ್ತು ಕಿಲೋಮೀಟರ್ ದೂರದ ಸಾರನಾಥಕ್ಕೆ ಹೊರಟೆವು. ನಮಗೆ ಮುಖ್ಯವಾಗಿ ನೋಡಬೇಕಾಗಿದ್ದುದು ಅಶೋಕನ ಸ್ತಂಭದ ಮೇಲಿದ್ದ ಸಿಂಹಗಳನ್ನು. ಹೋಗಿ ವಿಚಾರಿಸಿದರೆ, ಶುಕ್ರವಾರ ವಸ್ತುಸಂಗ್ರಹಾಲಯಕ್ಕೆ ವಾರದ ರಜೆ! ಪಂಚಾಂಗ ನೋಡಿ ಪ್ರಯಾಣ ಹೊರಟವರಿಗೆ ರಜೆಯ ದಿನ ನೋಡಬೇಕೆಂದು ತೋಚಿರಲಿಲ್ಲ. ಹಾಳು ಕಟ್ಟಡಗಳನ್ನೂ ಧಮೇಕ ಸ್ತೂಪವನ್ನೂ ಅಂದೇ ನೋಡಬಹುದಾಗಿತ್ತು. ಆದರೆ ಸಿಂಹವಿಲ್ಲದ ಮೇಲೆ ಇನ್ನೇನು ಎಂದು ಮುಖ ಗಂಟಿಕ್ಕಿಕೊಂಡು ಗಾಡಿ ತಿರುಗಿಸಲು ಹೊರಟೆವು. ಸಿಟ್ಟಿನಲ್ಲಿ ಚಕ್ರ ಹಿಡಿಯಬಾರದು. ಹಿಡಿದವರು ನಾವೇ.

ಜಾಗ ಕಿರಿದು. ಎರಡು ಕಡೆಯೂ ಸಣ್ಣ ಅಂಗಡಿಗಳು. ಎಡಕ್ಕೊಂದು ಗೋಡೆ. ನಮ್ಮ ತಂಗಿಯ ಮಗ ಹಿಂದೆ ನಿಂತು, "ಬರಲಿ ಮಾವ, ಬರಲಿ" ಎನ್ನುತ್ತಿದ್ದ. ಅವನ ಕಣ್ಣು ಗೋಡೆಯ ಮೇಲೆ. ಟ್ರೇಲರಿನ ಬಣ್ಣ ಉಜ್ಜೀತು ಎಂಬ ಚಿಂತೆ. ನಮ್ಮ ಕಣ್ಣು ಎಡಗನ್ನಡಿಯ ಮೇಲೆ. ಬಲಗಡೆ ಯಾರೂ ನೋಡುತ್ತಿರಲಿಲ್ಲ. ಆಚೆ ಮರದಡಿ ಕೂತಿದ್ದ ತಾಯಿಯವರು ಒಮ್ಮೆಗೇ ಕೂಗಿಕೊಂಡರು: "ನಿಲ್ಲಿಸೋ! ಮಗು ಇದೆ, ನಿಲ್ಲಿಸೋ!"

ಬ್ರೇಕು ಒತ್ತಿ ಇಳಿದು ಓಡಿದೆವು. ಬಲಚಕ್ರದ ಹಿಂದೆ ಐದು ವರ್ಷದ ಹುಡುಗಿಯೊಬ್ಬಳು ಕುಕ್ಕರಗಾಲಿನಲ್ಲಿ ಕುಳಿತು, ಉರುಳಿ ಬಂದ ರಬ್ಬರ್ ಚೆಂಡನ್ನು ಎತ್ತಿಕೊಳ್ಳುತ್ತಿದ್ದಳು. ಅವಳ ಕೈಗೂ ಚಕ್ರಕ್ಕೂ ಒಂದು ಮೊಳ ಅಂತರವಿರಲಿಲ್ಲ. ಅವಳಿಗೆ ಏನೂ ಗೊತ್ತಾಗಿರಲಿಲ್ಲ. ಚೆಂಡು ಸಿಕ್ಕಿತೆಂದು ನಕ್ಕಳು. ಪಕ್ಕದಲ್ಲೇ ಮಣಿಸರ ಮಾರುತ್ತಿದ್ದ ಅವಳ ತಾಯಿ ಬಂದು ಮಗುವನ್ನು ಎತ್ತಿ ಎದೆಗೊತ್ತಿಕೊಂಡು, ನಮ್ಮ ಮುಖವನ್ನು ಒಮ್ಮೆ ನೋಡಿ ಹೊರಟುಹೋದಳು. ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು. ಮೊದಲ ಬಾರಿಗೆ ಧರ್ಮಚಕ್ರವನ್ನು ಮುಂದಕ್ಕೆ ಉರುಳಿಸಿದ ಸ್ಥಳದಲ್ಲಿ ನಾವು ನಮ್ಮ ಚಕ್ರವನ್ನು ಕಣ್ಣಿಲ್ಲದೆ ಹಿಂದಕ್ಕೆ ಉರುಳಿಸಿದ್ದೆವು.

ಅಂದು ರಾತ್ರಿ ನಿದ್ದೆ ಬರಲಿಲ್ಲ. ಇಷ್ಟು ವರ್ಷ ಗಾಡಿ ಓಡಿಸಿದವರಿಗೆ ಕಾಣಲಿಲ್ಲವೇಕೆ ಎಂದು ಯೋಚಿಸಿದೆವು. ಉತ್ತರ ಸರಳವಾಗಿತ್ತು. ಟ್ರೇಲರಿನ ಹಿಂದಿನ ಗೋಡೆಯ ಆಚೆ ಏನಿದೆ ಎಂಬುದನ್ನು ಯಾವ ಕನ್ನಡಿಯೂ ತೋರಿಸುವುದಿಲ್ಲ. ಹೊರಗನ್ನಡಿಗಳು ಎರಡು ಪಕ್ಕಗಳನ್ನು ತೋರಿಸುತ್ತವೆ. ಒಳಗನ್ನಡಿಯಲ್ಲಿ ಕಾಣುವುದು ಟ್ರೇಲರಿನ ಮುಂದಿನ ಗೋಡೆ. ಕಾರಿನ ಹಿಂದೆ ಕಂಪನಿಯವರೇ ಕೊಟ್ಟ ಕ್ಯಾಮೆರಾ ಇದ್ದರೂ ಅದು ನೋಡುವುದು ಕಾರನ್ನೂ ಟ್ರೇಲರನ್ನೂ ಸೇರಿಸುವ ಕೊಕ್ಕೆಯನ್ನು ಮಾತ್ರ. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ, ಹಿಂದೆ ಅಡ್ಡಿಯಿದ್ದರೆ ಕೂಗುವ ಸೆನ್ಸರ್ ಕಡ್ಡಾಯವಾಗಿದೆ. ಟ್ರೇಲರ್ ಕಟ್ಟಿದ ಮೇಲೆ ಅದಕ್ಕೆ ಟ್ರೇಲರೇ ಅಡ್ಡಿ. ಸುಮ್ಮನೆ ಕೂಗುತ್ತಲೇ ಇರುತ್ತದೆ. ಹಾಗಾಗಿ ಅದನ್ನು ಆರಿಸಿಬಿಡುತ್ತೇವೆ. ನಾವೂ ಆರಿಸಿದ್ದೆವು. ಊರಲ್ಲಿ ಎತ್ತಿನ ಗಾಡಿಯನ್ನು ಇಕ್ಕಟ್ಟಿನಲ್ಲಿ ಹಿಂದಕ್ಕೆ ಹಾಕಬೇಕಾದರೆ ನೊಗ ಇಳಿಸಿ, ಇಬ್ಬರು ಕೈಕೊಟ್ಟು, ನೋಡಿ ನೋಡಿ ತಳ್ಳುತ್ತಿದ್ದರು. ಎತ್ತಿಗೆ ಹಿಮ್ಮುಖವಾಗಿ ನಡೆಯುವುದು ಒಗ್ಗದು. ಮೋಟಾರಿಗೆ ಒಗ್ಗುತ್ತದೆ, ಅಪಾಯ ಅಲ್ಲೇ ಇದೆ.

ಇದು ನಮ್ಮೊಬ್ಬರ ಕಥೆಯಲ್ಲ. 2002ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ತಂದೆಯೊಬ್ಬರು ಮನೆಯ ಮುಂದೆ ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ಅವರ ಎರಡು ವರ್ಷದ ಮಗ ಚಕ್ರಕ್ಕೆ ಸಿಕ್ಕಿ ತೀರಿಕೊಂಡ. ಆ ತಂದೆ ಮಕ್ಕಳ ವೈದ್ಯರು. ಆ ದುಃಖವನ್ನು ನುಂಗಿಕೊಂಡು ಅವರೂ ಅವರಂತೆ ನೊಂದ ಇತರ ತಂದೆತಾಯಿಗಳೂ ಓಡಾಡಿದ್ದರ ಫಲವಾಗಿ 2008ರಲ್ಲಿ ಒಂದು ಕಾನೂನು ಬಂತು. 2018ರ ಮೇ ತಿಂಗಳಿನಿಂದ ಅಲ್ಲಿ ತಯಾರಾಗುವ ಹೊಸ ಕಾರುಗಳಿಗೆಲ್ಲ ಹಿಂಬದಿ ಕ್ಯಾಮೆರಾ ಕಡ್ಡಾಯ. ಗಾಡಿಯ ಬೆನ್ನ ಹಿಂದೆ ಹತ್ತು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಜಾಗ ಚಾಲಕನಿಗೆ ಕಾಣಬೇಕು. ಹೀಗೆ ಹಿಂದಕ್ಕೆ ಬರುವ ಗಾಡಿಗೆ ಸಿಕ್ಕಿ ಅಲ್ಲಿ ವರ್ಷಕ್ಕೆ ಸರಾಸರಿ 210 ಜನ ಸಾಯುತ್ತಿದ್ದರೆಂದೂ, ಅವರಲ್ಲಿ ನೂರಕ್ಕೆ 31 ಮಂದಿ ಐದು ವರ್ಷದೊಳಗಿನ ಮಕ್ಕಳು, 26 ಮಂದಿ ಎಪ್ಪತ್ತು ಮತ್ತು ಅದಕ್ಕೆ ಮೇಲ್ಪಟ್ಟ ಮುದುಕರೆಂದೂ 2014ರಲ್ಲಿ ನಿಯಮ ಹೊರಡಿಸುವಾಗ ಅಲ್ಲಿನ ಸರ್ಕಾರ ಲೆಕ್ಕ ಕೊಟ್ಟಿತು. ಮೊಮ್ಮಕ್ಕಳು ಮತ್ತು ಅಜ್ಜ-ಅಜ್ಜಿಯರು! ನಮ್ಮ ತೀರ್ಥಯಾತ್ರೆಯ ಗಾಡಿಯಿಂದ ಇಳಿಯುವವರೂ ಅವರೇ ತಾನೆ? ಆ ಕಾನೂನು ಎಳೆಯುವ ಕಾರಿಗೆ ಅನ್ವಯಿಸುತ್ತದೆ, ಎಳೆಸಿಕೊಳ್ಳುವ ಟ್ರೇಲರಿಗಲ್ಲ. ಟ್ರೇಲರಿನ ಕಣ್ಣನ್ನು ಯಜಮಾನನೇ ತೆರೆಸಬೇಕು.

ಕ್ಯಾಮೆರಾದ ಕಲ್ಪನೆ ಹೊಸದೇನೂ ಅಲ್ಲ. 1956ರಲ್ಲೇ ಬ್ಯೂಕ್ ಕಂಪನಿಯವರು ಪ್ರದರ್ಶನಕ್ಕಿಟ್ಟ ಸೆಂಚುರಿಯನ್ ಎಂಬ ಕಾರಿನಲ್ಲಿ ಕನ್ನಡಿಯ ಬದಲು ಟೆಲಿವಿಷನ್ ಕ್ಯಾಮೆರಾ ಇತ್ತು. 1991ರಲ್ಲಿ ಟೊಯೊಟಾದವರು ಜಪಾನಿನಲ್ಲಿ ಮಾರುವ ಕಾರಿಗೇ ಹಾಕಿದರು. ಇಂದು ಅದು ಪೇಟೆಯ ವಸ್ತು. ಬೆಲೆಯನ್ನು ಇಲ್ಲಿ ಬರೆಯುವುದಿಲ್ಲ. ಸಂಚಿಕೆ ನಿಮ್ಮ ಕೈ ಸೇರುವ ವೇಳೆಗೆ ಅದು ಬದಲಾಗಿರುತ್ತದೆ.

ಶನಿವಾರ ಬೆಳಗ್ಗೆ ಬನಾರಸಿನ ಒಬ್ಬ ಆಟೋ ಎಲೆಕ್ಟ್ರಿಷಿಯನ್ನರ ಮುಂದೆ ಟ್ರೇಲರ್ ನಿಲ್ಲಿಸಿದೆವು. ಒಳ್ಳೆಯ ಕೆಲಸಗಾರ. "ಮೊದಲು ಟೇಪು, ಆಮೇಲೆ ಡ್ರಿಲ್ಲು" ಎಂಬುದು ಆತನ ಸೂತ್ರ. ಹಾಕಿಸಿಕೊಳ್ಳಬೇಕೆನ್ನುವ ಓದುಗರಿಗಾಗಿ, ಆತನಿಂದ ಕಲಿತದ್ದನ್ನು ಹೇಳುತ್ತೇವೆ.

ಕ್ಯಾಮೆರಾಗಳಲ್ಲಿ ಎರಡು ಜಾತಿ: ತಂತಿಯದು, ತಂತಿಯಿಲ್ಲದ್ದು. ತಂತಿಯಿಲ್ಲದ್ದನ್ನು ಕೂರಿಸುವುದು ಸುಲಭ. ಆದರೆ ಚಿತ್ರದ ಅಲೆ ಟ್ರೇಲರಿನ ಉದ್ದವನ್ನೆಲ್ಲ ದಾಟಿ ಕಾರಿನೊಳಗೆ ಬರಬೇಕು. ಲೋಹದ ಗೋಡೆ ಅದನ್ನು ತಡೆಯುತ್ತದೆ. ಮನೆಯ ವೈಫೈ ಬಳಸುವ ಅಲೆಗಳಲ್ಲೇ ಹಲವು ಕ್ಯಾಮೆರಾಗಳು ಕೆಲಸ ಮಾಡುವುದರಿಂದ ಜನನಿಬಿಡ ಪೇಟೆಯಲ್ಲಿ ಚಿತ್ರ ನಡುಗುವುದುಂಟು. ಆದ್ದರಿಂದ ರಂಧ್ರ ಕೊರೆಯುವ ಮೊದಲು ಕ್ಯಾಮೆರಾವನ್ನು ಟೇಪಿನಿಂದ ಅಂಟಿಸಿ, ಪೇಟೆಯಲ್ಲಿ ಒಂದು ಸುತ್ತು ಹೋಗಿ ಬರಬೇಕು. ನಾವು ಹೋಗಿಬಂದೆವು, ಚಿತ್ರ ಎರಡು ಸಲ ಮಾಯವಾಯಿತು. ತಂತಿಯನ್ನೇ ಆರಿಸಿಕೊಂಡೆವು. ಕಾರಿಗೂ ಟ್ರೇಲರಿಗೂ ನಡುವೆ ಬಿಚ್ಚಿ ಹಾಕಬಹುದಾದ ಸುರುಳಿ ತಂತಿ ಬೇಕು. ತಿರುವಿನಲ್ಲಿ ಹಿಗ್ಗುವಷ್ಟು ಉದ್ದವಿರಬೇಕು, ನೆಲಕ್ಕೆ ಉಜ್ಜುವಷ್ಟಲ್ಲ.

ಕ್ಯಾಮೆರಾ ಕೂರುವುದು ಹಿಂದಿನ ಗೋಡೆಯ ನಡುವೆ, ಸೂರಿಗೆ ಹತ್ತಿರ, ಮುಖ ತುಸು ಕೆಳಗೆ. ಪರದೆಯ ಕೆಳಅಂಚಿನಲ್ಲಿ ಟ್ರೇಲರಿನ ಬಂಪರು ಕಾಣುವಂತಿದ್ದರೆ ಸರಿ. ಇಲ್ಲವಾದರೆ ಮಗು ಕುಳಿತುಕೊಳ್ಳುವ ಜಾಗವೇ ಕಾಣದೆ ಹೋಗುತ್ತದೆ. ಪೆಟ್ಟಿಗೆಯ ಮೇಲೆ ಐಪಿ 67 ಎಂಬ ಗುರುತು ನೋಡಿ ಕೊಳ್ಳಿರಿ. ಆರು ಎಂದರೆ ಧೂಳು ಒಳಹೋಗದು. ಏಳು ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡದು. ತಂತಿ ಒಳಹೋಗುವ ರಂಧ್ರದ ಸುತ್ತ ಸೀಲೆಂಟ್ ಮೆತ್ತಿಸಿ, ತಂತಿಯನ್ನು ಒಮ್ಮೆ ಕೆಳಗೆ ಜೋಲಿಸಿ ಮೇಲಕ್ಕೆ ತಂದು ಒಳಬಿಡಬೇಕು. ಮಳೆನೀರು ಆ ಜೋಲಿನಲ್ಲಿ ತೊಟ್ಟಿಕ್ಕುತ್ತದೆ, ಗೋಡೆಯೊಳಗೆ ಇಳಿಯುವುದಿಲ್ಲ.

ವಿದ್ಯುತ್ತನ್ನು ಎಲ್ಲಿಂದ ಕೊಡಬೇಕು? ರಿವರ್ಸ್ ದೀಪದ ತಂತಿಯಿಂದ ಕೊಟ್ಟರೆ ಗಾಡಿ ಹಿಂದಕ್ಕೆ ಬರುವಾಗ ಮಾತ್ರ ಕ್ಯಾಮೆರಾ ಎಚ್ಚರವಾಗುತ್ತದೆ. ಪಾರ್ಕಿಂಗ್ ದೀಪದಿಂದ ಕೊಟ್ಟರೆ ಆ ದೀಪ ಉರಿಯುವಷ್ಟು ಹೊತ್ತೂ ನೋಡುತ್ತದೆ. ಹೆದ್ದಾರಿಯಲ್ಲಿ ಬೆನ್ನಿಗೆ ಅಂಟಿಕೊಂಡು ಬರುವ ಲಾರಿಯೂ ಕಾಣುತ್ತದೆ. ನಾವು ಎರಡನೆಯದನ್ನು ಒಪ್ಪಿದೆವು. ಟ್ರೇಲರಿನ ಬ್ಯಾಟರಿಯಿಂದಲೂ ಕೊಡಬಹುದು. ಆರಿಸಲು ಮರೆತರೆ ಬೆಳಗಾಗುವುದರೊಳಗೆ ಬ್ಯಾಟರಿ ಬರಿದು.

ಹಾಕಿಸಿದ ಮೇಲೆ ಎರಡು ಪರೀಕ್ಷೆ ತಪ್ಪಬಾರದು. ಮನೆಯವರೊಬ್ಬರನ್ನು ಟ್ರೇಲರಿನ ಹಿಂದೆ ಬಲಮೂಲೆಯಲ್ಲಿ ನಿಲ್ಲಿಸಿರಿ. ಪರದೆಯಲ್ಲೂ ಅವರು ಬಲಕ್ಕೇ ಕಾಣಬೇಕು. ಎಡಕ್ಕೆ ಕಂಡರೆ ಚಿತ್ರ ತಿರುವುಮುರುವಾಗಿದೆ, ಸರಿಪಡಿಸಿಕೊಳ್ಳಿರಿ. ಆಮೇಲೆ ಒಂದು ಮೀಟರಿಗೊಂದು, ಮೂರು ಮೀಟರಿಗೊಂದು ಇಟ್ಟಿಗೆ ಇಟ್ಟು ಅವು ಪರದೆಯಲ್ಲಿ ಎಲ್ಲಿ ಕಾಣುತ್ತವೆಂದು ಮನಸ್ಸಿನಲ್ಲಿ ಗುರುತಿಟ್ಟುಕೊಳ್ಳಿರಿ. ಅಗಲವಾಗಿ ನೋಡುವ ಕ್ಯಾಮೆರಾ ಹತ್ತಿರದ್ದನ್ನೂ ದೂರವಿದ್ದಂತೆ ತೋರಿಸುತ್ತದೆ. ಪರದೆಯ ಮೇಲಿನ ಬಣ್ಣದ ಗೆರೆಗಳನ್ನು ನಂಬಬೇಡಿ. ಅವು ಕಾರಿಗಾಗಿ ಎಳೆದವು, ನಡುವೆ ಮುರಿಯುವ ಟ್ರೇಲರಿಗಲ್ಲ. ಟ್ರೇಲರನ್ನು ಹಿಂದಕ್ಕೆ ತೆಗೆಯುವವರು ಸ್ಟಿಯರಿಂಗ್ ಚಕ್ರವನ್ನು ಕೆಳತುದಿಯಲ್ಲಿ ಹಿಡಿಯುವುದು ಒಳ್ಳೆಯದು. ಆಗ ಕೈ ಯಾವ ಕಡೆ ಹೋಗುತ್ತದೋ ಟ್ರೇಲರಿನ ಹಿಂಭಾಗವೂ ಆ ಕಡೆಗೇ ಹೋಗುತ್ತದೆ.

ಭಾನುವಾರ ಮತ್ತೆ ಸಾರನಾಥಕ್ಕೆ ಹೋದೆವು. ಸಿಂಹಗಳನ್ನು ಕಂಡೆವು. ಚುನಾರದ ಕಲ್ಲು, ಎರಡು ಸಾವಿರದ ಇನ್ನೂರು ವರ್ಷ ಕಳೆದರೂ ಹೊಳಪು ಮಾಸಿಲ್ಲ. 1905ರ ಉತ್ಖನನದಲ್ಲಿ ಸಿಕ್ಕ ಈ ಶಿಲ್ಪವೇ 1950ರ ಜನವರಿ 26ರಂದು ನಮ್ಮ ರಾಷ್ಟ್ರಲಾಂಛನವಾಯಿತು. ನಮ್ಮ ರಾಯಚೂರು ಸೀಮೆಯ ಮಸ್ಕಿಯ ಬಂಡೆಯಲ್ಲಿ ಹೆಸರು ಕೆತ್ತಿಸಿಕೊಂಡ ಅದೇ ಅಶೋಕನದು ಎಂದು ತಾಯಿಯವರಿಗೆ ಹೇಳಿದೆವು. ಅವರು ನಾಣ್ಯವೊಂದನ್ನು ತೆಗೆದು ನೋಡಿ, "ಇದರಲ್ಲಿ ಮೂರೇ ಇವೆಯಲ್ಲೋ?" ಎಂದರು. ನಾಲ್ಕನೆಯದು ಬೆನ್ನ ಹಿಂದಿದೆ, ಅದು ಕಾಣುವುದಿಲ್ಲ ಎಂದೆವು. "ಹಾಗಾದರೆ ಹಿಂದುಗಡೆ ನೋಡಿಕೊಳ್ಳುವುದು ಅದೇ" ಎಂದರು. ನಾವು ಏನೂ ಹೇಳಲಿಲ್ಲ. ನಾಲ್ಕು ಹೆಜ್ಜೆ ನಡೆದು ಕತ್ತು ಹೊರಳಿಸಿ ಬಂದ ದಾರಿಯನ್ನು ನೋಡುವುದು ಸಿಂಹದ ಸ್ವಭಾವವಂತೆ. ಅದಕ್ಕೇ ಸಿಂಹಾವಲೋಕನ ಎಂಬ ಮಾತು ಹುಟ್ಟಿತು. ಕಾಡಿನ ರಾಜನಿಗೆ ಅದು ಅವಮಾನವಲ್ಲ. ಚಾಲಕನಿಗೆ ಏಕಾಗಬೇಕು?

ಹೊರಡುವಾಗ ಪರದೆ ಬೆಳಗಿತು. ಮರ, ಗೋಡೆ, ಬಂಪರು, ಆಚೆ ಮಣಿಸರದ ಅಂಗಡಿ ಎಲ್ಲ ಕಂಡವು. ಕಾಲನ್ನು ಬ್ರೇಕಿನಿಂದ ಎತ್ತಬೇಕು, ಅಷ್ಟರಲ್ಲಿ ತಾಯಿಯವರು, "ತಡಿ" ಎಂದು ಬಾಗಿಲು ತೆಗೆದು ಇಳಿದರು. ಕೋಲೂರಿಕೊಂಡು ಟ್ರೇಲರನ್ನು ನಿಧಾನವಾಗಿ ಒಂದು ಸುತ್ತು ಬಂದರು. ಕ್ಯಾಮೆರಾಕ್ಕೆ ಕಾಣದ ಬೇವಿನ ಕೊಂಬೆಯೊಂದು ಸೂರಿಗೆ ತಾಗುವಂತಿದ್ದುದನ್ನು ಕೋಲಿನಿಂದ ತೋರಿಸಿದರು. ಮಣಿಸರದ ಅಂಗಡಿಗೆ ಹೋಗಿ ಆ ಹುಡುಗಿಯ ತಲೆ ಸವರಿ, ನಾಲ್ಕು ಸರ ಕೊಂಡು ಬಂದರು. ಆ ತಾಯಿ ಈ ಸಲ ಮಗುವಿನ ಕೈ ಹಿಡಿದು ನಿಂತಿದ್ದಳು. "ಸ್ತೂಪಕ್ಕೆ ಸುತ್ತು ಬಂದೆವು, ಗುಡಿಗೆ ಸುತ್ತು ಬಂದೆವು. ಗಾಡಿಗೊಂದು ಪ್ರದಕ್ಷಿಣೆ ಹಾಕಿದರೆ ಕಾಲೇನೂ ಸವೆಯುವುದಿಲ್ಲ" ಎಂದು ಹೇಳಿ ಕೂತರು.

ಕ್ಯಾಮೆರಾ ಹಾಕಿಸಿರಿ ಎಂದು ಓದುಗರಲ್ಲಿ ನಮ್ಮ ಅರಿಕೆ. ಅದಕ್ಕೆ ಮಂಜು ಕವಿಯುತ್ತದೆ, ಕೆಸರು ಮೆತ್ತುತ್ತದೆ, ದಿನಕ್ಕೊಮ್ಮೆ ಒರೆಸಿರಿ. ಹಿಂದೆ ನಿಂತು ಕೈ ತೋರಿಸುವವರು ಒಬ್ಬರೇ ಇರಲಿ. ಅವರು ಕಣ್ಣಿಗೆ ಮರೆಯಾದ ಕೂಡಲೇ ಗಾಡಿ ನಿಲ್ಲಲಿ. ಮಕ್ಕಳ ಕೈ ದೊಡ್ಡವರ ಕೈಯಲ್ಲಿರಲಿ. ಇಷ್ಟಾದ ಮೇಲೂ ಹೊರಡುವ ಮುನ್ನ ಒಂದು ಪ್ರದಕ್ಷಿಣೆ. ನಮ್ಮ ಮನೆಯಲ್ಲಿ ಈಗ ಅದೇ ನೇಮ. ಸುತ್ತು ಮುಗಿಸಿ ತಾಯಿಯವರು "ಹೂಂ" ಎನ್ನುವವರೆಗೆ ನಮ್ಮ ಗಾಡಿ ಕದಲುವುದಿಲ್ಲ.