ಉಗುರಿನಷ್ಟು ಚಿತ್ರ

ಮನೆಯ ವೈಫೈಗೆ ಫಿಲ್ಟರು ಹಾಕಿಸಿ, ಇನ್ನು ಮಕ್ಕಳ ಕಣ್ಣಿಗೆ ಕೆಟ್ಟದ್ದು ಬೀಳುವುದಿಲ್ಲವೆಂದು ನಿಶ್ಚಿಂತರಾದ ಪಾಲಕರನ್ನು ನಾನು ಬಹಳ ನೋಡಿದ್ದೇನೆ. ಅವರ ನೆಮ್ಮದಿ ಕೆಡಿಸುವ ಆಸೆ ನನಗಿಲ್ಲ. ಆದರೆ ತಲಬಾಗಿಲಿಗೆ ಬೀಗ ಜಡಿದು ಹಿತ್ತಲ ಬಾಗಿಲು ತೆರೆದಿಟ್ಟವರಿಗೆ ಯಾರಾದರೂ ಹೇಳಲೇಬೇಕಲ್ಲ.

ಇಂಥ ಫಿಲ್ಟರು ನೋಡುವುದು ವಿಳಾಸವನ್ನು. ಇಂಥಿಂಥ ಹೆಸರಿನ ಸೈಟಿಗೆ ಹೋಗಕೂಡದೆಂದು ತಡೆಯುತ್ತದೆ, ಅಷ್ಟೇ. ಮಗು ಗೂಗಲ್‌ನಲ್ಲಿ ಚಿತ್ರ ಹುಡುಕಿದಾಗ ಸಾಲುಸಾಲಾಗಿ ಬರುವ ಥಂಬ್‌ನೇಲ್‌ಗಳು, ಅಂದರೆ ಹೆಬ್ಬೆರಳ ಉಗುರಿನಷ್ಟು ಚಿತ್ರಗಳು, ಆ ಸೈಟಿನಿಂದ ಬರುವುದೇ ಇಲ್ಲ. ಗೂಗಲ್ ತಾನೇ ನಕಲು ಮಾಡಿ ಕೂಡಿಟ್ಟದ್ದನ್ನು ತನ್ನದೇ ವಿಳಾಸದಿಂದ ಬಡಿಸುತ್ತದೆ. ಆ ವಿಳಾಸವನ್ನೇ ತಡೆದಿರೋ, ಹಂಪಿಯ ಕಲ್ಲಿನ ರಥವೂ ಹೋಯಿತು, ದಾಸವಾಳದ ಭಾಗಗಳೂ ಹೋದವು. ಪುಟಗಳ ನಕಲಿನದೂ ಇದೇ ಕತೆಯಾಗಿತ್ತು. ಅದಕ್ಕೆ ಕ್ಯಾಶ್ ಎನ್ನುತ್ತಿದ್ದರು (ರೊಕ್ಕವಲ್ಲ, ತೆಗೆದಿಟ್ಟ ಪ್ರತಿ). ಆ ಕೊಂಡಿಯನ್ನು ಗೂಗಲ್ 2024ರಲ್ಲಿ ತೆಗೆದುಹಾಕಿತು. ಚಿತ್ರಗಳು ಉಳಿದವು.

ಈ ಸಣ್ಣ ಚಿತ್ರಗಳ ಮೇಲೆ ಅಮೆರಿಕದಲ್ಲಿ ವ್ಯಾಜ್ಯವೂ ನಡೆದಿದೆ. ಪರ್ಫೆಕ್ಟ್ 10 ಎಂಬ ನಗ್ನಚಿತ್ರಗಳ ಪತ್ರಿಕೆ ಹಕ್ಕುಸ್ವಾಮ್ಯದ ಮೇಲೆ ದಾವೆ ಹೂಡಿತ್ತು. 2007ರಲ್ಲಿ ಮೇಲ್ಮನವಿ ನ್ಯಾಯಾಲಯ ಗೂಗಲ್‌ನ ಥಂಬ್‌ನೇಲ್‌ಗಳನ್ನು ನ್ಯಾಯೋಚಿತ ಬಳಕೆ ಎಂದಿತು. ಅವು ಮೂಲದ ಕಡೆಗೆ ದಾರಿ ತೋರಿಸುತ್ತವೆ ಎಂಬುದು ಅದರ ವಾದ. ಹಕ್ಕುಸ್ವಾಮ್ಯದ ಮಟ್ಟಿಗೆ ಇರಲಿ. ಐದನೇ ತರಗತಿಯ ಮಗುವಿಗೆ ಮಾತ್ರ ಕೈಮರವೇ ಊರು. ಅದು ಮುಂದೆ ಒತ್ತಿ ಹೋಗಬೇಕಾಗಿಯೇ ಇಲ್ಲ, ನೋಡಬಾರದ್ದನ್ನು ಅಲ್ಲೇ ನೋಡಿಯಾಗಿರುತ್ತದೆ.

ಉಪಾಯವೇ ಇಲ್ಲವೆಂದಲ್ಲ. ಮೈಕ್ರೋಸಾಫ್ಟಿನ ಬಿಂಗ್ ಅಶ್ಲೀಲ ಥಂಬ್‌ನೇಲ್‌ಗಳನ್ನು ಬೇರೆ ವಿಳಾಸದಿಂದ ಕಳಿಸುವ ಏರ್ಪಾಟು ಮಾಡಿತ್ತು; ಅದೊಂದನ್ನು ತಡೆದರೆ ಮಿಕ್ಕ ಚಿತ್ರಗಳಿಗೆ ಧಕ್ಕೆಯಿಲ್ಲ. ಗೂಗಲ್‌ನಲ್ಲಿ ಅಶ್ಲೀಲವನ್ನು ಸೋಸುವ ಸೇಫ್‌ಸರ್ಚ್ ಇದೆ. ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್ಎಸ್‌ನಲ್ಲಿ ಗೂಗಲ್‌ನ ಹೆಸರನ್ನು ಅದರದೇ ಇನ್ನೊಂದು ವಿಳಾಸಕ್ಕೆ ತಿರುಗಿಸಿದರೆ, ಮನೆಯ ವೈಫೈ ಬಳಸುವವರಿಗೆಲ್ಲ ಅದು ಕಡ್ಡಾಯವಾಗುತ್ತದೆ. ಇದನ್ನು ಮಾಡುವವರು ಯಾರು? ಮನೆಯಲ್ಲಿ ಸಾಫ್ಟ್‌ವೇರ್ ಕೆಲಸದ ಮಗನೋ ಅಳಿಯನೋ ಇದ್ದವರು. ಕೇಬಲ್‌ನವನು ನಮ್ಮ ಮನೆಯ ಗೋಡೆಗೆ ಮೊಳೆ ಹೊಡೆದು ಹೋದ ಡಬ್ಬಿಯಲ್ಲಿ ಹಾಗೆ ತಿರುಗಿಸಲು ಜಾಗವೇ ಇಲ್ಲ. ಗೂಗಲ್ 2023ರಿಂದ ಇಂಥ ಚಿತ್ರಗಳನ್ನು ತಾನಾಗಿಯೇ ಮಸುಕು ಮಾಡುತ್ತದೆ, ನಿಜ. ಆ ಮಸುಕು ಒಂದು ಗುಂಡಿ ಒತ್ತಿದರೆ ಸರಿಯುತ್ತದೆ. ಹದಿನೆಂಟರ ಒಳಗಿನವರ ಖಾತೆಗೆ ಸೋಸಣೆ ಇದೆ, ಅದೂ ನಿಜ. ನಮ್ಮ ಮಕ್ಕಳು ಹುಡುಕುವುದು ಅಪ್ಪನ ಖಾತೆಯಲ್ಲಿ.

ಇಷ್ಟಾದ ಮೇಲೂ ವೇದಿಕೆ ಹತ್ತಿದವರು "ತಾಯಂದಿರು ಎಚ್ಚರದಿಂದಿರಬೇಕು" ಎನ್ನುತ್ತಾರೆ. ಯಾವ ತಾಯಿ? ಒಲೆಯ ಮುಂದಿರುವವಳೋ, ಎರಡು ಬಸ್ಸು ಬದಲಿಸಿ ಏಳಕ್ಕೆ ಮನೆ ಸೇರುವವಳೋ? ಡಬ್ಬಿ ಮಾರುವವರು ಸೇಫ್‌ಸರ್ಚ್ ಕಟ್ಟಿಯೇ ಕೊಡಲಿ, ಬೇಡವಾದ ದೊಡ್ಡವರು ಬಿಚ್ಚಿಕೊಳ್ಳಲಿ. ಅಲ್ಲಿಯತನಕ ನಾವು ಶಿಕ್ಷಕರೂ "ನೆಟ್‌ನಲ್ಲಿ ಚಿತ್ರ ಹುಡುಕಿ ಅಂಟಿಸಿಕೊಂಡು ಬಾ" ಎಂಬ ಮನೆಗೆಲಸ ನಿಲ್ಲಿಸೋಣ. ದಾಸವಾಳ ಶಾಲೆಯ ಬೇಲಿಯಲ್ಲೇ ಇದೆ.